ಮಗುಚಕ್ಕನ ಮೊದಲ ಪಾಠ

ಆಕೆಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕ್ಷೇಮವಾಗಿತ್ತು. ಕಡಲ ದಡದಲ್ಲಿ ಮಾತ್ರ ಎಲ್ಲರಿಗೂ ಆಕೆ ಮಗುಚಕ್ಕ. ಹಾಯಿದೋಣಿ ನಡೆಸುವುದನ್ನು ಕಲಿಯಲು ಬಂದವರನ್ನು ಮೂವತ್ತೈದು ವರ್ಷಗಳಿಂದ ಮೊದಲ ಸವಾರಿಯಲ್ಲೇ ದೋಣಿಸಮೇತ ನೀರಿಗೆ ಮಗುಚಿ ಹಾಕಿದ್ದಕ್ಕೆ ಸಿಕ್ಕ ಬಿರುದು ಅದು. ವಕೀಲರು, ಹಲ್ಲಿನ ಡಾಕ್ಟರು, ನಿಶ್ಚಿತಾರ್ಥ ಮುಗಿಸಿ ಕೈ ಕೈ ಹಿಡಿದುಕೊಂಡು ಬಂದ ಜೋಡಿ, ಯಾರನ್ನೂ ಬಿಟ್ಟವಳಲ್ಲ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ದಡ ಹತ್ತಿ ಕೆಮ್ಮುತ್ತಾ, "ನಾನ್ಯಾರು ಅಂತ ಗೊತ್ತಾ ನಿಂಗೆ?" ಎಂದನಂತೆ. "ಗೊತ್ತು ಸಾರ್, ಇವತ್ತು ಒದ್ದೆಯಾದವರಲ್ಲಿ ಎರಡನೆಯವರು" ಎಂದಳಂತೆ ಮಗುಚಕ್ಕ.

ಅಲ್ಲಿ ಬಂದರಿಲ್ಲ, ದೋಣಿ ಕಟ್ಟುವ ಕಟ್ಟೆಯಿಲ್ಲ. ಒಂದು ತಗಡಿನ ಶೆಡ್ಡು, ಅದರ ಮುಂದೆ ಮರಳು, ಮರಳು ಮುಗಿದ ಕಡೆ ನೀರು. ಶೆಡ್ಡಿನೊಳಗೆ ಆರು ಪುಟ್ಟ ದೋಣಿಗಳು ಎರಡು ಚಕ್ರದ ಗಾಡಿಗಳ ಮೇಲೆ ಕೂತಿರುತ್ತಿದ್ದವು. ಇಬ್ಬರು ಹತ್ತಿದರೆ ಮೂರನೆಯವರಿಗೆ ಕಾಲು ಚಾಚಲು ಜಾಗವಿಲ್ಲದಂಥ ದೋಣಿಗಳು. ಗಾಡಿಯನ್ನು ಮರಳಲ್ಲಿ ಉರುಳಿಸಿಕೊಂಡು ಹೋಗಿ, ಮೊಣಕಾಲುದ್ದ ನೀರಲ್ಲಿ ದೋಣಿ ತೇಲಿಸಿ, ಖಾಲಿ ಗಾಡಿಯನ್ನು ದಡಕ್ಕೆ ಎಳೆದು ತಂದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಗಾಳಿಯದು.

ನೀರಿಗಿಳಿಯುವ ಮೊದಲು ಮೂರು ವಾರ ಮರಳ ಮೇಲೆಯೇ ಪಾಠ. ಮಗುಚಕ್ಕ ಬಿದಿರ ಕೋಲು ಹಿಡಿದು ದೋಣಿಯ ಸುತ್ತ ನಡೆಯುತ್ತಿದ್ದಳು. "ಇದು ಮೂತಿ. ಹಾಯಿ ಏರಿಸೋವಾಗ ಮೂತಿ ಗಾಳಿ ಕಡೆಗೇ ಇರ್ಬೇಕು. ಇಲ್ಲಾಂದ್ರೆ ನಿಮ್ಮನ್ನ ಬಿಟ್ಟು ದೋಣಿಯೊಂದೇ ಊರು ನೋಡೋಕೆ ಹೋಗುತ್ತೆ. ಇದು ಹಾಯಿಕಂಬ. ಕಂಬದಿಂದ ಹಿಂದಕ್ಕೆ ಚಾಚಿರೋ ಈ ದಂಡ ಬೂಮು. ಗಾಳಿ ಪಕ್ಕ ಬದಲಾಯಿಸಿದ್ರೆ ಇದೂ ಬದಲಾಯಿಸುತ್ತೆ. ಮಧ್ಯೆ ನಿಮ್ಮ ತಲೆ ಇದ್ರೆ ಸ್ವಲ್ಪ ಸರೀರಿ ಅಂತ ಕೇಳಲ್ಲ." ಯಾರಾದರೂ ಬಾಯಿ ತಪ್ಪಿ "ಈ ಹಗ್ಗ" ಎಂದರೆ ಮುಗಿಯಿತು. "ಬರೀ ಹಗ್ಗ ಅಂದ್ರೆ ಬಟ್ಟೆ ಒಣಹಾಕೋದು. ದೋಣೀಲಿ ಹಾಯಿನ ಮೇಲಕ್ಕೆತ್ತೋದು ಏರುಹಗ್ಗ, ಗಾಳಿಗೆ ತಕ್ಕ ಹಾಗೆ ಹಾಯಿನ ಬಿಗಿ ಹಿಡಿಯೋದು ಹಿಡಿಹಗ್ಗ. ಯಾವ ಹಗ್ಗ ಹೇಳಿ?" ಹಿಂದುಗಡೆ ಚುಕ್ಕಾಣಿ. ಒಳಗೆ ಸೇರಿದ ನೀರು ಬಿಡುವ ತೂತಿಗೆ ಬೆರಳುದ್ದದ ಬಿರಡೆ. ದೋಣಿಯ ಹೊಟ್ಟೆಯ ಸೀಳಿನಿಂದ ಕೆಳಕ್ಕಿಳಿಯುವ ನಡುಹಲಗೆ. ಅದರ ಹತ್ತಿರ ಬಂದಾಗ ಮಾತ್ರ ಅವಳ ದನಿ ಸ್ವಲ್ಪ ಮೆತ್ತಗಾಗುತ್ತಿತ್ತು. "ದೋಣಿ ಪಕ್ಕಕ್ಕೆ ಜಾರದ ಹಾಗೆ ತಡೆಯೋದು ಇದೇ. ಮಗುಚಿದಾಗ ಇದರ ಮೇಲೆ ಹತ್ತಿ ನಿಂತು, ಅಂಚು ಹಿಡಿದು, ಮೈಭಾರ ಎಲ್ಲ ಹಿಂದಕ್ಕೆ ಬಿಟ್ಟು ದೋಣಿನ ಎತ್ತಬೇಕು. ಆವತ್ತು ನಿಮಗೆ ಅಪ್ಪ ಅಮ್ಮ ಎಲ್ಲ ಈ ಹಲಗೇನೇ."

ಅವಳದು ಇನ್ನೊಂದು ಕಟ್ಟುನಿಟ್ಟಿತ್ತು. ಮಗುಚುವ ದಿನ ಕಲಿಯುವವರು ಒಬ್ಬೊಬ್ಬರೇ ಬರಬೇಕು, ಜೊತೆಗೆ ಬಂದವರು ಕಾಂಪೌಂಡಿನ ಗೇಟಿನಾಚೆ ನಿಲ್ಲಬೇಕು. ಗೇಟಿಗೆ ತಗಡು ಹೊಡೆಸಿದ್ದಳು, ಇಣುಕಿದರೂ ನೀರು ಕಾಣದು. ಹೆತ್ತವರು ಕಿರುಚಿಕೊಂಡು ಕೆಲಸ ಕೆಡಿಸುತ್ತಾರೆ ಅಂತ ಹೀಗೆ ಮಾಡಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು.

ಇಷ್ಟು ಒರಟು ವಿದ್ಯೆ ಅವಳಿಗೆಲ್ಲಿಂದ ಬಂತು ಎಂದರೆ, ಅವಳಿಗೂ ಯಾರೂ ನಯವಾಗಿ ಕಲಿಸಿರಲಿಲ್ಲ. ಇಪ್ಪತ್ತೇಳರ ವಯಸ್ಸಿಗೆ, ಕಂಕುಳಲ್ಲಿ ಮೂರು ವರ್ಷದ ಮಗನನ್ನು ಎತ್ತಿಕೊಂಡು, ಹಾಯಿ ತೊಳೆಯುವ ಕೆಲಸಕ್ಕೆ ಸೇರಿದವಳು. ಎರಡನೇ ತಿಂಗಳು ಯಾರಿಗೂ ಹೇಳದೆ ಒಂದು ದೋಣಿ ಇಳಿಸಿದಳು. ಮಗುಚಿತು. ಹಾಯಿಕಂಬ ನೀರಿನ ಮೇಲೆ ಮಲಗಿದ್ದು ಮೆಲ್ಲಗೆ ಮುಳುಗಿ ದೋಣಿ ಪೂರ್ತಿ ತಲೆಕೆಳಗಾಯಿತು. ಅದರ ಬೋರಲು ಬಿದ್ದ ಹೊಟ್ಟೆಯ ಮೇಲೆ ಎರಡು ಗಂಟೆ ಕೂತಿದ್ದಳು. ದಡದಲ್ಲಿದ್ದ ಅಂದಿನ ಮೇಸ್ತ್ರಿ ನಗುತ್ತಾ ಬೀಡಿ ಸೇದುತ್ತಿದ್ದನಂತೆ. ಆಮೇಲೆ ಯಾರೋ ಮೀನುಗಾರರು ಎಳೆದು ತಂದರು. ಅದೇ ವರ್ಷ ಮೇಸ್ತ್ರಿ ಕೆಲಸ ಬಿಟ್ಟ, ಬಿದಿರ ಕೋಲು ಇವಳ ಕೈಗೆ ಬಂತು.

ಅವಳ ಮಗನಿಗೆ ಈಗ ಮೂವತ್ತೆಂಟು. ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟಿನ ತಂತಿಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡುವುದು ಅವನ ಕಸುಬು. ಒಂದು ಬೋಲ್ಟನ್ನು ಮೂರು ಸಲ ತಿರುಗಿಸಿ ನೋಡದೆ ಮನೆಗೆ ಬರುವವನಲ್ಲ. ತಾಯಿಯ ಹತ್ತಿರ ಅವನದು ಲೆಕ್ಕಾಚಾರದ ಪ್ರೀತಿ. ತಿಂಗಳಿಗೆರಡು ಸಲ ಬರುತ್ತಿದ್ದ, ಅವಳ ಮನೆಯ ನಲ್ಲಿ ಸರಿಮಾಡುತ್ತಿದ್ದ, ಮಾತ್ರೆ ತಂದುಕೊಡುತ್ತಿದ್ದ, ಊಟ ಮಾಡಿ ಹೋಗುತ್ತಿದ್ದ. ಒಂದು ಮಾತಿಗೂ ಎದುರಾಡುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಕೂತು ಅವಳ ಹೆಗಲಿಗೆ ಒರಗಿದವನಲ್ಲ, ಅದೂ ಒಂಬತ್ತನೇ ವಯಸ್ಸಿನಿಂದ.

ಒಂಬತ್ತನೇ ವಯಸ್ಸಿನಲ್ಲಿ ಅವನನ್ನೂ ಅವಳು ಮಗುಚಿದ್ದಳು. ಅದಕ್ಕೆ ಅವನ ತಕರಾರಿರಲಿಲ್ಲ. ಅಮ್ಮ ಮಗುಚುತ್ತಾಳೆಂದು ಅವನಿಗೂ ಗೊತ್ತಿತ್ತು, ಗೆಳೆಯರ ಮುಂದೆ ಎದೆಯುಬ್ಬಿಸಿಕೊಂಡೇ ಹೋಗಿದ್ದ. ಆದರೆ ನೀರಿನಿಂದ ತಲೆ ಎತ್ತಿದಾಗ ಅಮ್ಮ ಇರಲಿಲ್ಲ. ಪಕ್ಕಕ್ಕೆ ಬಿದ್ದ ದೋಣಿ ಅವನೆದುರು ಗೋಡೆಯ ಹಾಗೆ ನಿಂತಿತ್ತು. ಅವನು ನಡುಹಲಗೆ ಹತ್ತಿದ, ಜಾರಿದ, ಮತ್ತೆ ಹತ್ತಿದ, ಮೊಣಕೈ ತರಚಿತು. "ಅಮ್ಮಾ" ಎಂದು ಕೂಗಿದ. ಒಂದು ಸಲವಲ್ಲ, ಗಂಟಲು ಒಣಗುವ ತನಕ ಕೂಗಿದ. ಉತ್ತರ ಬರಲಿಲ್ಲ. ಕಡೆಗೆ ಹೇಗೋ ದೋಣಿ ಎದ್ದಿತು. ಅವನು ಒಳಗೆ ಉರುಳಿ ಬಿದ್ದು ನೋಡುತ್ತಾನೆ, ಅಮ್ಮ ಅಷ್ಟು ದೂರದಿಂದ ನಿಧಾನವಾಗಿ ಈಜಿಕೊಂಡು ಬರುತ್ತಿದ್ದಾಳೆ. ಬಂದವಳು ಕೇಳಿದ್ದು ಒಂದೇ ಮಾತು: "ಆಯ್ತಾ?"

ಅಂದಿನಿಂದ ಅವನು ದೋಣಿ ಹತ್ತಲಿಲ್ಲ. ಅಮ್ಮ ತನ್ನನ್ನು ನಡುನೀರಲ್ಲಿ ಬಿಟ್ಟು ಹೋದಳು ಎನ್ನುವುದು ಅವನ ಮನಸ್ಸಿನಲ್ಲಿ ಕಲ್ಲಿನಂತೆ ಕೂತುಬಿಟ್ಟಿತು. ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ, ಬದುಕಿದ್ದಷ್ಟು ದಿನ ಒಂದೆರಡು ಸಲ, "ನಿಮ್ಮಮ್ಮ ಹಾಗೆಲ್ಲ ಬಿಟ್ಟು ಹೋಗೋಳಲ್ಲ ಕಣೋ" ಎಂದಿದ್ದ. ಗಂಡ ಹೆಂಡತಿಯನ್ನು ಬಿಟ್ಟುಕೊಡುತ್ತಾನೆಯೇ ಎಂದು ಮಗ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಹೀಗಿರುವಾಗ ಅವನ ಮಗಳಿಗೆ ಹತ್ತು ತುಂಬಿತು. ಹೆಸರಿಗೆ ಪುಟ್ಟಿ, ಹಟ ಹಿಡಿದರೆ ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ. ಅಪ್ಪನಿಗೆ ಗೊತ್ತಿಲ್ಲದೆ ತಾಯಿಯನ್ನು ಒಲಿಸಿಕೊಂಡು ಮೂರು ಭಾನುವಾರ ಅಜ್ಜಿಯ ಮರಳಿನ ಪಾಠ ಮುಗಿಸಿಬಿಟ್ಟಿದ್ದಳು. ಗುಟ್ಟು ರಟ್ಟಾದದ್ದು ಊಟಕ್ಕೆ ಕೂತಾಗ. ಕಿಟಕಿಯ ಪರದೆಯ ದಾರವನ್ನು ಅಪ್ಪ ಹಗ್ಗ ಎಂದದ್ದಕ್ಕೆ, "ಅದು ಏರುಹಗ್ಗ ಅಪ್ಪಾ" ಎಂದು ತಿದ್ದಿದಳು. ಅವನ ಕೈಯ ತುತ್ತು ಅಲ್ಲೇ ನಿಂತಿತು.

ಮರುದಿನವೇ ಅವನು ಶೆಡ್ಡಿಗೆ ಹೋದ. ಮಗುಚಕ್ಕ ಚುಕ್ಕಾಣಿಯೊಂದನ್ನು ಮೊಣಕಾಲ ನಡುವೆ ಹಿಡಿದು ಮರಳುಕಾಗದ ಉಜ್ಜುತ್ತಿದ್ದಳು.

"ಅವಳನ್ನ ಮಗುಚ್ಬಾರ್ದು" ಎಂದ.

"ಮಗುಚದೆ ಕಲಿಸೋಕೆ ನಂಗೆ ಬರಲ್ವಲ್ಲ."

"ಹಾಗಾದ್ರೆ ಅವಳು ಬರಲ್ಲ. ಇನ್ಮೇಲೆ ಈ ಕಡೆಗೇ ಕಳಿಸಲ್ಲ."

ಅವಳು ಉಜ್ಜುವುದನ್ನು ನಿಲ್ಲಿಸಿದಳು. ಮೂವತ್ತೈದು ವರ್ಷ ಸಾವಿರಾರು ಜನರನ್ನು ನೀರಿಗಿಳಿಸಿದ ಹೆಂಗಸಿನ ಸ್ವಂತ ಮನೆಯಿಂದ ಅವಳ ದೋಣಿಗೆ ಒಲಿದು ಬಂದದ್ದು ಆ ಹುಡುಗಿಯೊಬ್ಬಳೇ. ಮಗ ಈಗ ಅವಳನ್ನೂ ಕರೆದುಕೊಂಡು ಹೋದರೆ ಮತ್ತೆ ಬರುವವರಿಲ್ಲ. ಅದು ಅವಳ ಮುಖದಲ್ಲಿ ಕಾಣುತ್ತಿತ್ತು, ಅವನೂ ನೋಡಿದ. ನೋಡಿ ಅವನಿಗೆ ಸಂಕಟವಾಯಿತು, ಆದರೂ ಮಾತು ಸಡಿಲಿಸಲಿಲ್ಲ. ಹತ್ತು ವರ್ಷದ ಮಗಳನ್ನು ಯಾರ ಕೈಗೆ ಕೊಡುತ್ತಿದ್ದೇನೆ ಎನ್ನುವುದು ಅವನ ಪ್ರಶ್ನೆ. ತನ್ನನ್ನು ಬಿಟ್ಟು ಹೋದ ಕೈಗೇ?

"ನೀನೂ ಬಾ" ಎಂದಳು ಮಗುಚಕ್ಕ ಕಡೆಗೆ. "ಗೇಟಿನ ಒಳಗೇ ನಿಂತ್ಕೋ. ಕಣ್ಣಾರೆ ನೋಡು. ಬೇಡ ಅನ್ನಿಸಿದ ಕ್ಷಣ ಕೂಗು, ಅವಳನ್ನ ಎತ್ಕೊಂಡು ಬರ್ತೀನಿ, ಮತ್ತೆ ಕರೆಯಲ್ಲ."

"ಹೆತ್ತವರು ಗೇಟಿನಾಚೆ ಅಲ್ವಾ ನಿನ್ನ ರೂಲ್ಸು?"

"ನೀನು ನಾನು ಹೆತ್ತವನು. ನಿಂಗೆ ಬೇರೆ ರೂಲ್ಸು."

ಭಾನುವಾರ ಬೆಳಿಗ್ಗೆ ಗಾಳಿ ಹದವಾಗಿತ್ತು. ಪುಟ್ಟಿ ಕೊರಳ ತನಕ ಕಿತ್ತಳೆ ಬಣ್ಣದ ತೇಲುಜಾಕೆಟ್ಟು ಬಿಗಿದುಕೊಂಡು, ಬಿರಡೆ ಹಾಕಿ, ಚುಕ್ಕಾಣಿ ಕೂರಿಸಿ, ಹಾಯಿ ಏರಿಸಿದಳು. ತಪ್ಪಲಿಲ್ಲ. ಅಪ್ಪ ಅಷ್ಟನ್ನೂ ಹಿಂದಿನಿಂದ ಒಂದೊಂದಾಗಿ ಅಲುಗಾಡಿಸಿ ನೋಡಿದ. ಪ್ಯಾಂಟು ಮಡಚಿ ನೀರಿಗಿಳಿದು ದೋಣಿಯ ಮೂತಿ ಹಿಡಿದುಕೊಂಡ. ಅಜ್ಜಿ ಮೊಮ್ಮಗಳು ಹತ್ತಿದರು, ನಡುಹಲಗೆ ಇಳಿಯಿತು, ಅವನು ದೂಡಿದ. ಹಾಯಿ ಉಬ್ಬಿ ದೋಣಿ ಹೊರಟಿತು.

ನೂರು ಗಜ ಹೋಗಿರಬೇಕು. ಅಜ್ಜಿ ಏನು ಮಾಡಿದಳೋ, ದೋಣಿ ಒಂದು ಪಕ್ಕಕ್ಕೆ ವಾಲಿ ದಬಾರನೆ ಬಿದ್ದಿತು. ಹಾಯಿ ನೀರಿನ ಮೇಲೆ ಚಾಪೆ ಹಾಸಿದಂತೆ ಹರಡಿತು. ದೋಣಿಯ ಮೂತಿ ಕಡಲ ಕಡೆಗೆ ತಿರುಗಿ, ಕಂಬ ದಡಕ್ಕೆ ಸಮನಾಗಿ ಬಲಕ್ಕೆ ಚಾಚಿ ಬಿದ್ದಿದ್ದರಿಂದ ಎರಡು ಬದಿಯೂ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಎಡಕ್ಕೆ ಪುಟ್ಟಿಯ ತಲೆ ಎದ್ದಿತು. ಅವಳು ನೀರು ಬಡಿಯುತ್ತಾ ದೋಣಿಯ ತಳದ ಹತ್ತಿರ ಹೋಗಿ ನಡುಹಲಗೆ ಹಿಡಿದುಕೊಂಡಳು. ಬಲಕ್ಕೆ ಅಮ್ಮನ ಬಿಳಿ ತಲೆ ಎದ್ದಿತು. ಈಗ ದೂರ ಈಜಿ ಹೋಗುತ್ತಾಳೆ ಎಂದು ಅವನು ಹಲ್ಲು ಕಚ್ಚಿದ.

ಅಮ್ಮ ದೂರ ಹೋಗಲಿಲ್ಲ. ಕಂಬದ ಗುಂಟ ಕೈ ಮೇಲೆ ಕೈ ಇಟ್ಟುಕೊಂಡು ಅದರ ತುದಿಯ ತನಕ ಹೋದಳು. ಹೋಗಿ, ತುದಿಯ ಕೆಳಗೆ ಹೆಗಲು ಕೊಟ್ಟು, ಕಾಲು ಬಡಿಯುತ್ತಾ ಅಲ್ಲೇ ನಿಂತಳು. ಹಗ್ಗಕ್ಕೆ ಸಿಕ್ಕಿಕೊಂಡಳೇನೋ ಎಂದು ಅವನು ಎರಡು ಹೆಜ್ಜೆ ನೀರಿಗೆ ಓಡಿದ. ಸಿಕ್ಕಿಕೊಂಡಿರಲಿಲ್ಲ. ಕಂಬ ಮುಳುಗದ ಹಾಗೆ ಹೊತ್ತುಕೊಂಡಿದ್ದಳು. ಕಂಬ ಮುಳುಗಿದರೆ ದೋಣಿ ತಲೆಕೆಳಗಾಗುತ್ತದೆ, ಆಮೇಲೆ ಹತ್ತು ವರ್ಷದ ಹುಡುಗಿಯಿರಲಿ, ಗಟ್ಟಿ ಆಳಿಗೂ ಅದನ್ನು ಎತ್ತುವುದು ಕಷ್ಟ.

"ಅಜ್ಜೀ!" ಎಂದು ಪುಟ್ಟಿ ಕೂಗಿದಳು. ಇಬ್ಬರ ನಡುವೆ ದೋಣಿ ಗೋಡೆಯಾಗಿತ್ತು. ಅವಳಿಗೆ ಅಜ್ಜಿ ಕಾಣುವಂತಿರಲಿಲ್ಲ. "ಅಜ್ಜೀ, ಎಲ್ಲಿದ್ದೀಯ?"

ಅಜ್ಜಿ ಬಾಯಿ ಬಿಡಲಿಲ್ಲ. ತುಟಿ ಬಿಗಿದು, ಗಲ್ಲದ ತನಕ ಮುಳುಗಿ, ಕಣ್ಣನ್ನು ಆ ದೋಣಿಯಿಂದ ಕೀಳದೆ ಸುಮ್ಮನಿದ್ದಳು.

ದಡದಲ್ಲಿ ನಿಂತವನಿಗೆ ಆಗ ಹೊಳೆಯಿತು. ಹಿಡಿದುಕೊಂಡವರಿಲ್ಲದೆ ಯಾವುದೂ ಮೇಲೆ ನಿಲ್ಲುವುದಿಲ್ಲ ಎನ್ನುವುದನ್ನು ದಿನಾ ಲಿಫ್ಟಿನ ಗುಂಡಿಗಿಳಿದು ನೋಡುವವನು ಅವನು. ಅಂದು ಅವನು ಅತ್ತು ಕರೆದು ಒದ್ದಾಡಿದಷ್ಟು ಹೊತ್ತೂ ಕಂಬ ಮುಳುಗಿರಲಿಲ್ಲ. ದೋಣಿ ತಲೆಕೆಳಗಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲವಲ್ಲ! ಒಂದು ಬೋಲ್ಟಿಗೆ ಮೂರು ಸಲ ಕೈಹಾಕುವ ಜಾಣ, ಸ್ವಂತ ತಾಯಿಯ ವಿಷಯದಲ್ಲಿ ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅವನಿಗೆ ಅಳು ಬಂತು, ಅತ್ತ.

ಅಷ್ಟರಲ್ಲಿ ಪುಟ್ಟಿಯ ಅಳು ಬೈಗುಳಕ್ಕೆ ತಿರುಗಿತ್ತು. "ಕೆಟ್ಟ ಅಜ್ಜಿ! ಬಿಟ್ಟು ಹೋಗಿದ್ದೀಯಲ್ಲ! ನಾನೇ ಎತ್ತಿ ತೋರಿಸ್ತೀನಿ ನೋಡು!" ಹಲಗೆ ಹತ್ತಿ, ಅಂಚು ಹಿಡಿದು, ಹಿಂದಕ್ಕೆ ಜೋತು ಬಿದ್ದಳು. ಹಾಯಿ ನೀರು ಬಿಟ್ಟೇಳುವಾಗ ಅಜ್ಜಿ ಕಂಬಕ್ಕೆ ಮೆಲ್ಲಗೊಂದು ದೂಡು ಕೊಟ್ಟಳು, ತಕ್ಷಣ ಮೀನಿನ ಹಾಗೆ ದೂರಕ್ಕೆ ಜಾರಿದಳು. ದೋಣಿ ನೆಟ್ಟಗಾಗಿ ಹುಡುಗಿ ಒಳಗುರುಳುವ ಹೊತ್ತಿಗೆ ಅಷ್ಟು ದೂರದಿಂದ ತಿರುಗಿ, ಏನೂ ಅರಿಯದವಳ ಹಾಗೆ ಈಜಿಕೊಂಡು ಬರತೊಡಗಿದಳು. ಅರವತ್ತೆರಡು ವರ್ಷದ ಮುದುಕಿಯ ನಾಟಕವನ್ನು ಮಗ ಬಾಯಿ ತೆರೆದು ನೋಡಿದ.

ದಡಕ್ಕೆ ಬಂದ ಪುಟ್ಟಿಯ ಕಾಲು ನೆಲದ ಮೇಲಿರಲಿಲ್ಲ. "ಅಪ್ಪಾ, ನೋಡಿದ್ಯಾ? ಅಜ್ಜಿ ಇರ್ಲೇ ಇಲ್ಲ! ನಾನೊಬ್ಬಳೇ ಎತ್ತಿದ್ದು!"

ಅವನು ಟವೆಲ್ಲು ಹಿಡಿದು ತಾಯಿಯ ಹತ್ತಿರ ಹೋದ. ಅವಳ ತುಟಿ ನೀಲಿಯಾಗಿತ್ತು. ಹೆಗಲಿಗೆ ಟವೆಲ್ಲು ಸುತ್ತಿದ. ಕಂಬ ಒತ್ತಿದ ಜಾಗದಲ್ಲಿ ಅವಳ ತೇಲುಜಾಕೆಟ್ಟಿನ ಬಟ್ಟೆ ಎಷ್ಟು ಸಲ ಸವೆದು ಎಷ್ಟು ಸಲ ತೇಪೆ ಹಾಕಿಸಿಕೊಂಡಿತ್ತೋ.

"ಅವತ್ತು ಎಷ್ಟ್ ಹೊತ್ತು ಹಿಡ್ಕೊಂಡಿದ್ದೆ ಅಮ್ಮಾ?"

ಅವಳು ಅವನನ್ನು ನೋಡಲಿಲ್ಲ. ಚುಕ್ಕಾಣಿ ಬಿಚ್ಚುತ್ತಿದ್ದಳು. "ಇಪ್ಪತ್ತೇಳು ನಿಮಿಷ. ನೀನು ಅಳ್ತಿದ್ದೆ. ನಾನೂ ಅಳ್ತಿದ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎತ್ತಿದ್ದು ನಿಂದಾಗ್ತಿರ್ಲಿಲ್ಲ. ಅಮ್ಮ ಎತ್ತಿದ ಹಾಗಾಗ್ತಿತ್ತು. ಅದಕ್ಕೇ ಯಾರಿಗೂ ಹೇಳಿಲ್ಲ, ಗೇಟಿಗೆ ತಗಡೂ ಹೊಡೆಸಿದೆ. ಎಲ್ರೂ ನಾನೊಬ್ಬನೇ ಎತ್ತಿದೆ ಅಂತ ಬೀಗ್ಕೊಂಡು ಮನೆಗೆ ಹೋದ್ರು."

"ನಾನು ಹಾಗೆ ಹೋಗ್ಲಿಲ್ಲ."

"ಗೊತ್ತು" ಎಂದಳು ಮಗುಚಕ್ಕ. ಚುಕ್ಕಾಣಿ ಮರಳ ಮೇಲಿಟ್ಟು ಈಗ ಅವನನ್ನು ನೋಡಿದಳು. "ನಾಳೆ ಸರಿಹೋಗ್ತಾನೆ, ನಾಡಿದ್ದು ಸರಿಹೋಗ್ತಾನೆ ಅಂದ್ಕೊಂಡೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು. ನಿನ್ನ ವಿಷಯದಲ್ಲಿ ತಪ್ಪು ಮಾಡಿಬಿಟ್ಟೆ ಕಣೋ. ನೀನು ಕಲಿಯೋಕೆ ಬಂದವನಲ್ಲ, ನನ್ನ ಮಗ. ಅದು ಹೊಳೀಲಿಲ್ಲ ನಂಗೆ."

ಅವನು ಅವಳ ತಣ್ಣಗಾದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಜ್ಜಿದ.

ಆಮೇಲೆ ಮಗುಚಕ್ಕ ಮೂವತ್ತೈದು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದಳು. ಮೊಮ್ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು. "ನಾನು ಎಲ್ಲೂ ಹೋಗಿರ್ಲಿಲ್ಲ ಕಣೇ. ಕಂಬದ ತುದೀಲಿದ್ದೆ. ಮುಳುಗದ ಹಾಗೆ ಹಿಡ್ಕೊಂಡಿದ್ದೆ."

ಹುಡುಗಿ ಅಪ್ಪಿಕೊಳ್ಳುತ್ತಾಳೆ ಎಂದು ಇಬ್ಬರೂ ಕಾದರು. ಅವಳ ಮೂಗು ಕೆಂಪಾಯಿತು.

"ಹಾಗಾದ್ರೆ ನಾನೊಬ್ಬಳೇ ಎತ್ತಿದ್ದಲ್ವಾ? ಮೋಸ! ಇನ್ನೊಂದ್ಸಲ ಮಗುಚು. ಈ ಸಲ ಹಿಡ್ಕೊಳ್ಬಾರ್ದು."

"ಹಿಡ್ಕೊಳ್ದೆ ಇದ್ರೆ ತಲೆಕೆಳಗಾಗುತ್ತೆ."

"ಹಾಗಾದ್ರೆ ಮುಳುಗದಷ್ಟು ಹಿಡ್ಕೋ. ದೂಡ್ಬೇಡ. ದೂಡಿದ್ರೆ ನಂಗೆ ಗೊತ್ತಾಗುತ್ತೆ."

ಮಗುಚಕ್ಕ ನಗುತ್ತಾ ಏಳಲು ಹೋದಳು, ಮೊಣಕಾಲು ಏಳಲಿಲ್ಲ. ಮಗ ಅವಳ ಭುಜ ಒತ್ತಿ ಕೂರಿಸಿದ. "ನೀನು ಕೂತ್ಕೋ ಅಮ್ಮಾ. ತುದಿಗೆ ನಾನು ಹೋಗ್ತೀನಿ. ಹೇಗೆ ಹಿಡ್ಕೊಳ್ಬೇಕು ಹೇಳು." ಅವಳು ತನ್ನ ತೇಪೆ ಹಾಕಿದ ಜಾಕೆಟ್ಟನ್ನು ಬಿಚ್ಚಿಕೊಟ್ಟಳು. ಅದು ಅವನ ಎದೆಗೆ ಸಾಲಲಿಲ್ಲ, ದಾರ ಬಿಟ್ಟು ಕಟ್ಟಿದಳು. "ತೋಳಲ್ಲಿ ಹಿಡೀಬೇಡ, ಸೋಲುತ್ತೆ. ಹೆಗಲು ಕೊಡು. ಅವಳು ಕೂಗ್ತಾಳೆ, ಕೂಗ್ಲಿ" ಎಂದಳು.

ಅವನು ಹತ್ತಿದ, ಮಗಳು ದೋಣಿ ನಡೆಸಿದಳು. ಈ ಸಲ ದೋಣಿ ಮಗುಚಿದ್ದೂ ಪುಟ್ಟಿಯೇ. ಅವನು ನೀರು ಕುಡಿದ, ಕೆಮ್ಮಿದ, ತಡಕಾಡಿಕೊಂಡು ಕಂಬದ ತುದಿ ಸೇರಿದ. ಹೆಗಲು ಕೊಟ್ಟ. ಭಾರವಿತ್ತು, ಅವನು ಎಣಿಸಿದ್ದಕ್ಕಿಂತ ಹೆಚ್ಚು. ದೋಣಿಯ ಆಚೆಯಿಂದ ಅಂಗೈ ಬಡಿಯುವ ಸದ್ದು, ಕಾಲು ಜಾರಿ ನೀರಿಗೆ ಬೀಳುವ ಸದ್ದು, ಮತ್ತೆ ಹತ್ತುವ ಸದ್ದು. ಕಾಣುವುದು ಏನೂ ಇಲ್ಲ.

"ಅಪ್ಪಾ?"

ಅವನು ತುಟಿ ಕಚ್ಚಿಕೊಂಡ.

"ಅಪ್ಪಾ, ಇದ್ದೀಯಾ?" ಈ ಸಲ ದನಿ ಸಣ್ಣಗಾಗಿತ್ತು. ಹಟವೆಲ್ಲ ಇಳಿದು ಹತ್ತು ವರ್ಷದ ಹುಡುಗಿಯ ದನಿಯಾಗಿತ್ತು. ಇಂಥ ಕೂಗನ್ನು ಅಮ್ಮ ಇಪ್ಪತ್ತೇಳು ನಿಮಿಷ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಕಲ್ಲೆದೆಯವಳು ಎಂದು ಅವನು ಅಂದುಕೊಂಡಿದ್ದ. ಅವನು ಎರಡು ನಿಮಿಷ ತಡೆದುಕೊಂಡಿರಬೇಕು, ಅಷ್ಟೇ.

"ಇದ್ದೀನಿ ಕಣೇ!" ಎಂದು ಕೂಗಿದ. ದಡದಲ್ಲಿ ಕೂತವಳಿಗೂ ಕೇಳಿಸುವ ಹಾಗೆ ಕೂಗಿದ. "ಇಲ್ಲೇ ಇದ್ದೀನಿ!"

ಆಚೆ ಕಡೆಯಿಂದ ಮೂಗು ಸೀಟಿದ ಸದ್ದು.

"ಸರಿ, ಅಲ್ಲೇ ಇರು" ಎಂದಳು ಪುಟ್ಟಿ. "ದೂಡ್ಬೇಡ ಮಾತ್ರ." ಹಲಗೆ ಕಿರ್ರೆಂದಿತು, ಅವಳು ಮತ್ತೆ ಹತ್ತತೊಡಗಿದಳು.